ಹತ್ತು ಸಾಕ್ಷಿಗಳ ಮಾತು

ಗೆಲಾಕ್ಸಿಯನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. ಅದನ್ನು ಸುತ್ತುವ ಗೋಳಾಕಾರದ ತಾರಾಗುಚ್ಛಗಳ ವೇಗವನ್ನು ಅಳೆದು, ಅವು ಚದುರಿಹೋಗದಂತೆ ಹಿಡಿದಿರುವ ಗುರುತ್ವ ಎಷ್ಟೆಂದು ಖಗೋಳಜ್ಞರು ಲೆಕ್ಕ ಹಾಕುತ್ತಾರೆ. ಒಂದೊಂದರಲ್ಲೂ ಲಕ್ಷಾಂತರ ನಕ್ಷತ್ರಗಳಿರುವುದರಿಂದ ಬಹುದೂರದ ಗುಚ್ಛವೂ ಒಂದು ಚುಕ್ಕಿಯಾಗಿ ಕಾಣಸಿಗುತ್ತದೆ. ಗುಚ್ಛಗಳ ವೇಗಗಳಲ್ಲಿ ಅಂತರ ಹೆಚ್ಚಿದಷ್ಟೂ ಗೆಲಾಕ್ಸಿಯ ದ್ರವ್ಯರಾಶಿ ಹೆಚ್ಚು.

2018ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪೀಟರ್ ಫಾನ್ ಡೊಕ್ಕುಮ್ ಮತ್ತು ಸಂಗಡಿಗರು ಎನ್‌ಜಿಸಿ 1052-ಡಿಎಫ್2 ಎಂಬ ಮಸುಕಾದ ಗೆಲಾಕ್ಸಿಯ ಹತ್ತು ಗುಚ್ಛಗಳನ್ನು ಅಳೆದರು. ವೇಗಗಳ ಹರವು ಸೆಕೆಂಡಿಗೆ ಹತ್ತು ಕಿಲೋಮೀಟರಿನ ಆಸುಪಾಸನ್ನು ದಾಟಲಿಲ್ಲ. ಅಷ್ಟಕ್ಕೆ ಕಣ್ಣಿಗೆ ಕಾಣುವ ನಕ್ಷತ್ರಗಳ ತೂಕವೇ ಸಾಕು. ಕಪ್ಪು ದ್ರವ್ಯ ಅಲ್ಲಿ ಇಲ್ಲವೇ ಇಲ್ಲವೆನ್ನಬಹುದು ಎಂದರು. ನಾನು ಓದಿದ ಸುದ್ದಿಗಳಲ್ಲಿ ‘ಇಲ್ಲ’ ಉಳಿದಿತ್ತು, ‘ಹತ್ತು’ ಬಿದ್ದುಹೋಗಿತ್ತು.

ಹತ್ತು ಸಾಕ್ಷಿ ಸಾಲದೆಂದು ಆಕ್ಷೇಪಗಳು ಬಂದವು. ಹತ್ತಾರು ವೋಚರು ತಿರುವಿ ಇಡೀ ವರ್ಷದ ಲೆಕ್ಕದ ಮೇಲೆ ಷರಾ ಬರೆಯುವ ಕಚೇರಿಯಲ್ಲಿ ಕುಳಿತ ನನಗೆ ಆ ಆಕ್ಷೇಪದಲ್ಲಿ ಅರ್ಧ ಮಾತ್ರ ಒಪ್ಪಿಗೆ. ಕೆಲವನ್ನೇ ನೋಡಿದ್ದು ತಪ್ಪಲ್ಲ, ಎಷ್ಟು ನೋಡಿದೆವೆಂಬುದನ್ನು ಮರೆಮಾಡುವುದು ತಪ್ಪು. ಇವರು ಮರೆಮಾಡಲಿಲ್ಲ. ಹತ್ತರಲ್ಲಿ ಒಂದು ಗುಚ್ಛ ಉಳಿದವುಗಳ ಜೊತೆ ಹೊಂದದೆ ತೊಡಕಾಗಿತ್ತು. ಅದನ್ನು ಮತ್ತೆ ಅಳೆದು, ವೇಗವನ್ನು ತಿದ್ದಿ ತಾವೇ ಪ್ರಕಟಿಸಿದರು.

ನಿಜವಾದ ಜಗಳ ನಡೆದದ್ದು ದೂರದ ಬಗ್ಗೆ. ಆ ಗುಚ್ಛಗಳ ಪ್ರಕಾಶ ಸಾಮಾನ್ಯ ಗುಚ್ಛಗಳಿಗಿಂತ ಬಹಳ ಹೆಚ್ಚಾಗಿ ತೋರುತ್ತಿತ್ತು. ಇಗ್ನಾಸಿಯೊ ಟ್ರುಹಿಯೊ ಅವರ ತಂಡ 2019ರಲ್ಲಿ, ಗೆಲಾಕ್ಸಿ ಇರುವುದು 6.5 ಕೋಟಿ ಜ್ಯೋತಿರ್ವರ್ಷ ದೂರದಲ್ಲಲ್ಲ, ಸುಮಾರು 4.2 ಕೋಟಿಯಲ್ಲಿ ಎಂದಿತು. ಹತ್ತಿರವಿದ್ದರೆ ಅದರ ನಿಜಪ್ರಕಾಶ ಕಡಿಮೆ, ನಕ್ಷತ್ರಗಳ ತೂಕವೂ ಕಡಿಮೆ. ಆಗ ವೇಗಗಳನ್ನು ವಿವರಿಸಲು ಕಪ್ಪು ದ್ರವ್ಯ ಮರಳಿ ಬೇಕಾಗುತ್ತದೆ, ಗುಚ್ಛಗಳೂ ಸಾಮಾನ್ಯವಾಗಿಬಿಡುತ್ತವೆ. ಸೊಗಸಾದ ವಾದ. ಆದರೆ 2021ರಲ್ಲಿ, ಹಬಲ್ ದೂರದರ್ಶಕದಿಂದ ಕೆಂಪು ದೈತ್ಯ ನಕ್ಷತ್ರಗಳನ್ನು ನೋಡಿ ಫಾನ್ ಡೊಕ್ಕುಮ್ ಅವರ ಬಳಗವೇ ಅಳೆದಾಗ ಬಂದ ಉತ್ತರ ಸುಮಾರು 7.2 ಕೋಟಿ.

ಸೊಗಸಿಗಿಂತ ಅಳತೆಯ ಮಾತು ನಡೆಯಿತು; ನಾನೂ ಅದರ ಪಕ್ಷವೇ. ಆದರೆ ದೂರ ಹೆಚ್ಚಿದ ಮೇಲೆ ಆ ಗುಚ್ಛಗಳ ಪ್ರಕಾಶವೂ ಇನ್ನಷ್ಟು ಅಸಾಮಾನ್ಯವಾಯಿತು. ಸಾಕ್ಷಿ ನುಡಿದವರ ಹಿನ್ನೆಲೆಯನ್ನೇ ಈಗ ವಿಚಾರಿಸಬೇಕಾಗಿದೆ.