ಪುಟ್ಟ ದೋಣಿಯ ಮೊಂಡುತನ

ಹೊಗೇನಕಲ್ಲಿನ ಹರಿಗೋಲನ್ನು ಕಂಡ ವಾಚಕರಿಗೆ ಒಂದು ಸಂಗತಿ ವಿದಿತವಾಗಿರಬೇಕು. ಹುಟ್ಟು ಹಾಕುವವನು ಕ್ಷಣಕಾಲ ಕೈಬಿಟ್ಟರೆ ಆ ದುಂಡು ದೋಣಿಯು ತನ್ನ ಸುತ್ತ ತಾನೇ ತಿರುಗತೊಡಗುವುದು. ಅದಕ್ಕೆ ಮುಂದು ಹಿಂದುಗಳಿಲ್ಲ. ಆದುದರಿಂದ ನೇರವಾಗಿ ಸಾಗಬೇಕೆಂಬ ಹಟವೂ ಇಲ್ಲ. ನಮ್ಮ ವಿದ್ಯಾರ್ಥಿಗಳು ಕೊಳ್ಳೇಗಾಲದ ಕೆರೆಯಲ್ಲಿ ಓಡಿಸುವ ರೇಡಿಯೋ ನಿಯಂತ್ರಿತ ದೋಣಿಯಾದರೋ ನೀಳವಾದುದು, ಚೂಪು ಮೂತಿಯದು. ಆದರೂ ವೇಗವೇರಿದೊಡನೆ ಅದು ಕುಪ್ಪಳಿಸುವುದು, ಎಡಕ್ಕೆ ಎಳೆಯುವುದು, ಕೆಲವೊಮ್ಮೆ ಮಗುಚಿಯೂ ಬೀಳುವುದು. ಇದೇಕೆ?

ಎಲ್ಲರೂ ಮೊದಲು ದೂರುವುದು ರೇಡಿಯೋವನ್ನು. ನಿಕೊಲ ಟೆಸ್ಲ 1898ರಲ್ಲಿ ನ್ಯೂಯಾರ್ಕಿನ ಜನರೆದುರು ತಂತಿಯಿಲ್ಲದೆ ದೋಣಿಯನ್ನು ನಡೆಸಿ ತೋರಿಸಿದಂದಿನಿಂದ ರೇಡಿಯೋ ಬಹಳ ಸುಧಾರಿಸಿದೆ. ದಡದಲ್ಲಿ ಚುಕ್ಕಾಣಿಯು ಕೈಯ ಆಜ್ಞೆಯಂತೆ ಆಡುತ್ತಿದ್ದರೆ ದೋಷವನ್ನು ಬೇರೆಡೆ ಹುಡುಕುವುದೇ ಸರಿ. ಎರಡನೆಯ ತಪ್ಪು ಇನ್ನೂ ಬಲವಾದ ಮೋಟಾರನ್ನು ಕೊಳ್ಳುವುದು. ಇದನ್ನು ನಾವೂ ಮಾಡಿದೆವು. ಹಣ ಹೋಯಿತು, ರೋಗ ಇಮ್ಮಡಿಯಾಯಿತು.

ಇದು ಆಟಿಕೆಯೆಂಬ ಭಾವನೆಯನ್ನು ಮೊದಲು ಬಿಡಬೇಕು. ಹಡಗಿನ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು ಪರೀಕ್ಷಿಸಿದ ವಿಲಿಯಂ ಫ್ರೂಡನ ನಿಯಮದಂತೆ ವೇಗವನ್ನು ಉದ್ದದ ವರ್ಗಮೂಲದೊಡನೆ ಹೋಲಿಸಬೇಕು. 60 ಸೆಂಟಿಮೀಟರ್ ಉದ್ದದ ದೋಣಿ ಗಂಟೆಗೆ 40 ಕಿಲೋಮೀಟರ್ ಓಡಿದರೆ, ಅದು 6 ಮೀಟರ್ ದೋಣಿಯೊಂದು ಸುಮಾರು 126 ಕಿಲೋಮೀಟರ್ ವೇಗದಲ್ಲಿ ಓಡಿದಂತೆ! ಯಳಂದೂರಿನ ಕೃಷ್ಣಯ್ಯನ ಕಟ್ಟೆಯಲ್ಲಿ ಬೆಟ್ಟದ ಗಾಳಿಗೆ ಏಳುವ ಐದು ಸೆಂಟಿಮೀಟರ್ ಅಲೆ ಇದಕ್ಕೆ ಅರ್ಧ ಮೀಟರಿನ ತೆರೆ.

ಕುಪ್ಪಳಿಸುವ ದೋಣಿಯ ಗುರುತ್ವಕೇಂದ್ರವನ್ನು ನೋಡಿರಿ. ಆಳವಾದ ವಿ ಆಕಾರದ ತಳವುಳ್ಳ ದೋಣಿಗಳಲ್ಲಿ ಅದು ಹಿಂಬದಿಯಿಂದ ಉದ್ದದ ನೂರಕ್ಕೆ ಮೂವತ್ತರಷ್ಟು ದೂರದಲ್ಲಿರುವುದು ವಾಡಿಕೆ. ಅಂದರೆ ನಮ್ಮದರಲ್ಲಿ 18 ಸೆಂಟಿಮೀಟರ್. ಬಹಳ ಹಿಂದಿದ್ದರೆ ಮೂತಿ ಏಳುತ್ತ ಬೀಳುತ್ತ ಹೋಗುವುದು. ಬಹಳ ಮುಂದಿದ್ದರೆ ಮೂತಿಯು ನೀರನ್ನು ಕಚ್ಚಿ, ತಿರುವಿನಲ್ಲಿ ಥಟ್ಟನೆ ಹೊರಳುವುದು. ಎಡಕ್ಕೆ ಎಳೆಯುವುದಕ್ಕೆ ನ್ಯೂಟನ್ನನ ಮೂರನೆಯ ನಿಯಮವೇ ಸಾಕು. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರು ಗಡಿಯಾರದ ಮುಳ್ಳಿನಂತೆ ಸುತ್ತುವುದಾದರೆ ಒಡಲು ಎಡಕ್ಕೆ ವಾಲಲೆಳಸುವುದು. ಬ್ಯಾಟರಿಯನ್ನು ಒಂದು ಸೆಂಟಿಮೀಟರ್ ಬಲಕ್ಕೆ ಸರಿಸಿದೆವು. ವಾಲಿಕೆ ಬಹುಮಟ್ಟಿಗೆ ಅಡಗಿತು.

ಆದರೆ ನಮ್ಮನ್ನು ಹೆಚ್ಚು ಕಾಡಿದುದು ತಳದ ಹಿಂದಿನ ಅಂಚು. ಹನೂರಿನಿಂದ ಬರುವ ವಿದ್ಯಾರ್ಥಿಯೊಬ್ಬನು ಅದನ್ನು ಅಂದಕ್ಕಾಗಿ ಉಜ್ಜಿ ದುಂಡಗೆ ಮಾಡಿದ್ದನು. ನಲ್ಲಿಯ ಧಾರೆಗೆ ಚಮಚದ ಬೆನ್ನನ್ನು ಮೆಲ್ಲನೆ ತಾಗಿಸಿ ನೋಡಿರಿ: ಚಮಚವು ದೂರ ಸರಿಯದೆ ಧಾರೆಯೊಳಕ್ಕೆ ಎಳೆಯಲ್ಪಡುವುದು. ಬಾಗಿದ ಮೈಯನ್ನು ನೀರು ಬಳಸಿಕೊಂಡು ಹರಿಯುವುದೇ ಇದಕ್ಕೆ ಕಾರಣ. ದೋಣಿಯಲ್ಲಿಯೂ ಹಾಗೆಯೇ, ದುಂಡಾದ ಅಂಚಿನಿಂದ ಹಿಂಬದಿ ಕೆಳಕ್ಕೆಳೆಯಲ್ಪಟ್ಟು ಮೂತಿ ಮೇಲೇಳುವುದು. ಅಂಚು ಚೂಪಾಗಿದ್ದರೆ ನೀರು ಅಲ್ಲಿಯೇ ಕಡಿದುಹೋಗುವುದು. ಅಂಚನ್ನು ಮೇಣದಿಂದ ತುಂಬಿ ಚೌಕಮಾಡಿದ ದಿನ ದೋಣಿ ಮೊದಲ ಬಾರಿಗೆ ನೆಟ್ಟಗೆ ಓಡಿತು. ಉಕ್ಕಿನ ಅಳತೆಪಟ್ಟಿಯನ್ನಿಟ್ಟು ತಳದ ಉಬ್ಬುತಗ್ಗುಗಳನ್ನೂ ನೋಡಬಹುದು. ಈ ಪಟ್ಟಿಗೆ ಮೋಟಾರಿನ ಬೆಲೆಯಿಲ್ಲ!

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪುಸ್ತಕದಲ್ಲಿ ಬರೆದಿಡಬೇಕು. ಎರಡನ್ನು ಕೂಡಿಯೇ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಹೇಳುವುದು ಹೇಗೆ? ಪ್ರಯೋಗಶಾಲೆಯಲ್ಲಿ ಇದನ್ನು ಬಾಯಿಪಾಠ ಒಪ್ಪಿಸುವ ವಿದ್ಯಾರ್ಥಿಗಳು ಕೆರೆಯ ದಡದಲ್ಲಿ ಮರೆಯುವುದು ನಮಗೆ ಸೋಜಿಗ.

ವೇಗ ಇಮ್ಮಡಿಸಿದರೆ ಮೂತಿಯನ್ನೆತ್ತುವ ಗಾಳಿಯ ಬಲ ನಾಲ್ಮಡಿಯಾಗುವುದು. 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಬೆಲ್ಲರ ಬ್ಲೂಬರ್ಡ್ ದೋಣಿ ಮೂತಿಯೆತ್ತಿ ಪಲ್ಟಿಯಾಗಿ ಅವರು ಮೃತರಾದರು. ನಮ್ಮ ದೋಣಿಯೊಳಗೆ ಯಾರೂ ಇಲ್ಲ, ನಿಜ. ಆದರೆ ಅದು ಕೆರೆಯ ನಡುವೆ ಮಗುಚಿದಾಗ ಹುಡುಗನೊಬ್ಬನು ಅಂಗಿ ಕಳಚಿ ನೀರಿಗಿಳಿಯಲು ಸಿದ್ಧನಾದನು. ಹೂಳೂ ಜೊಂಡೂ ತುಂಬಿದ ಕೆರೆ. ಅವನಿಗೆ ಈಜು ಅಷ್ಟಕ್ಕಷ್ಟೆ. ಕೈಹಿಡಿದು ನಿಲ್ಲಿಸಿದೆವು. ಗಾಳಿಯು ದೋಣಿಯನ್ನು ದಡಕ್ಕೆ ತರಲು ಎರಡು ಗಂಟೆ ಹಿಡಿಯಿತು. ಅಂದಿನಿಂದ ನಮ್ಮ ಚೀಲದಲ್ಲಿ ಗಾಳದ ಉದ್ದನೆಯ ದಾರವೂ ಅದರ ತುದಿಗೆ ಕಟ್ಟಿದ ಟೆನ್ನಿಸ್ ಚೆಂಡೊಂದೂ ಇರುತ್ತವೆ.