ವಿದ್ಯಾರ್ಥಿಗಳೂ ನಾಯಕತ್ವದ ಶಿಕ್ಷಣವೂ

ಇತ್ತೀಚಿನ ದಿನಗಳಲ್ಲಿ ‘ನಾಯಕತ್ವ’ ಎಂಬ ಶಬ್ದ ನಮ್ಮ ಕಿವಿಗೆ ಬೀಳುವಷ್ಟು ಬೇರಾವ ಶಬ್ದವೂ ಬೀಳುತ್ತಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಕಾಲೇಜಿಗೆ ಕಾಲಿಟ್ಟ ಮೊದಲ ವರ್ಷದಲ್ಲಿಯೇ ವಿದ್ಯಾರ್ಥಿಗೆ ನಾಯಕತ್ವದ ಶಿಕ್ಷಣ ದೊರೆಯಬೇಕೆಂಬುದು ಈಗ ಬಹುಮಂದಿ ಒಪ್ಪಿದ ಮಾತಾಗಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೯ರಲ್ಲಿ ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವುದಕ್ಕಾಗಿ ‘ದೀಕ್ಷಾರಂಭ’ವೆಂಬ ಕಾರ್ಯಕ್ರಮವನ್ನೂ, ಪದವಿ ತರಗತಿಗಳಿಗಾಗಿ ‘ಜೀವನ ಕೌಶಲ’ವೆಂಬ ಪಠ್ಯಕ್ರಮವನ್ನೂ ರೂಪಿಸಿತು. ಎರಡನೆಯದರಲ್ಲಿ ನಾಯಕತ್ವಕ್ಕೆಂದೇ ಒಂದು ಭಾಗವುಂಟು. ಉದ್ದೇಶ ಒಳ್ಳೆಯದೇ. ಆದರೆ ಅಂತಹ ಶಿಕ್ಷಣ ಹೇಗೆ ನಡೆಯಬೇಕು, ಅದರ ಫಲ ಯಾರ ಪಾಲಿಗೆ ಬರಬೇಕು ಎಂಬುದನ್ನು ಕುರಿತು ನನಗೆ ತೋಚಿದ ನಾಲ್ಕು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇನೆ.

ನಾಯಕರು ಹುಟ್ಟಿಬರುತ್ತಾರೆಯೇ ಹೊರತು ಅವರನ್ನು ಯಾರೂ ತಯಾರು ಮಾಡಲಾರರು ಎಂದು ವಾದಿಸುವವರಿದ್ದಾರೆ. ಇದು ನಿಜವಾಗಿದ್ದರೆ ಈ ಲೇಖನವನ್ನು ಇಲ್ಲಿಗೇ ಮುಗಿಸಬಹುದಿತ್ತು! ಅಮೆರಿಕದ ರಿಚ್ಮಂಡ್ ವಿಶ್ವವಿದ್ಯಾನಿಲಯದಲ್ಲಿ ೧೯೯೨ರಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ ನಾಯಕತ್ವದ ಅಧ್ಯಯನಕ್ಕೆಂದೇ ಒಂದು ಪ್ರತ್ಯೇಕ ಶಾಲೆ ತೆರೆಯಿತು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಊರುಗಳಲ್ಲಿ ಜಾತ್ರೆ ನಡೆಸುವವರು, ಬಯಲಾಟದ ಮೇಳ ಕಟ್ಟುವವರು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು ಯಾರೂ ಹುಟ್ಟುವಾಗಲೇ ಆ ವಿದ್ಯೆಯನ್ನು ಪಡೆದು ಬಂದವರಲ್ಲ. ಹಿರಿಯರ ಜೊತೆಯಲ್ಲಿ ನಿಂತು, ಮಾಡಿ ಕಲಿತವರು. ಆದುದರಿಂದ ನಾಯಕತ್ವವನ್ನು ಕಲಿಯಬಹುದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಕೇಳಿ ಕಲಿಯಬಹುದೇ, ಮಾಡಿ ಕಲಿಯಬೇಕೇ ಎಂಬುದೇ ಪ್ರಶ್ನೆ.

ನಮ್ಮಂತಹ ಸರ್ಕಾರಿ ಕಲಾ ಕಾಲೇಜಿಗೆ ಈ ಪ್ರಶ್ನೆ ಬರಿಯ ಚರ್ಚಾಕೂಟದ ವಿಷಯವಲ್ಲ. ಸಂವಿಧಾನದ ೬೧ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು ೨೧ರಿಂದ ೧೮ಕ್ಕೆ ಇಳಿಸಿತು. ೧೯೮೯ರಿಂದ ಅದು ಜಾರಿಯಲ್ಲಿದೆ. ಎಂದರೆ, ಪ್ರಥಮ ವರ್ಷದ ತರಗತಿಯಲ್ಲಿ ಕುಳಿತಿರುವವರು ಆಗತಾನೆ ಮತದಾರರಾದವರು. ಗ್ರಾಮ ಪಂಚಾಯತಿಯ ಚುನಾವಣೆಗೆ ನಿಲ್ಲಲು ೨೧ ವರ್ಷ ತುಂಬಿದ್ದರೆ ಸಾಕು. ಎಂದರೆ, ಅಂತಿಮ ವರ್ಷವನ್ನು ಮುಗಿಸಿ ಹೊರಡುವ ಹೊತ್ತಿಗೆ ನಮ್ಮಲ್ಲಿ ಬಹುಮಂದಿ ತಮ್ಮ ಊರಿನ ಪಂಚಾಯತಿಯ ಸದಸ್ಯರಾಗುವ ಅರ್ಹತೆಯನ್ನು ಪಡೆದಿರುತ್ತಾರೆ. ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದಕಾರಣ ನಮ್ಮ ಸಹಪಾಠಿನಿಯರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ಮತ ಹಾಕುವ ವಯಸ್ಸಿಗೂ ಮತ ಕೇಳುವ ವಯಸ್ಸಿಗೂ ನಡುವಣ ಮೂರು ವರ್ಷಗಳನ್ನು ನಾವು ಕಳೆಯುವುದು ಈ ಕಾಲೇಜಿನ ಗೋಡೆಗಳ ಒಳಗೆ. ಆ ಮೂರು ವರ್ಷಗಳಲ್ಲಿ ಒಂದು ಸಭೆಯ ನಡವಳಿಯನ್ನು ಬರೆಯಲು, ಒಂದು ನೂರು ರೂಪಾಯಿಯ ಜಮಾಖರ್ಚನ್ನು ನಾಲ್ವರ ಮುಂದಿಡಲು ಕಲಿಯದೆ ಹೋದರೆ, ಊರಿಗೆ ಮರಳಿದ ಪದವೀಧರನು ಪಂಚಾಯತಿಯ ಕಡತವನ್ನು ಬೇರೆಯವರ ಕೈಗೆ ಕೊಟ್ಟು, ತೋರಿಸಿದ ಕಡೆ ಸಹಿ ಹಾಕಬೇಕಾಗುತ್ತದೆ.

ಈಗ ನಡೆಯುತ್ತಿರುವ ನಾಯಕತ್ವ ಶಿಬಿರಗಳಲ್ಲಿ ನಾನು ಕಂಡ ಕೆಲವನ್ನು ನೆನೆದರೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ. ಹೊರಗಿನಿಂದ ಒಬ್ಬ ತರಬೇತುದಾರರು ಬರುತ್ತಾರೆ. ಎರಡು ದಿನಗಳ ಕಾಲ ಪರದೆಯ ಮೇಲೆ ಚಿತ್ರಗಳೂ ಇಂಗ್ಲಿಷ್ ಸೂತ್ರವಾಕ್ಯಗಳೂ ಓಡುತ್ತವೆ. “ನಿಮ್ಮಲ್ಲಿ ನಾಯಕರು ಯಾರು? ಮುಂದೆ ಬನ್ನಿ” ಎಂದು ಅವರು ಕರೆದಾಗ ಪಟ್ಟಣದ ಶಾಲೆಗಳಲ್ಲಿ ಓದಿ ಬಂದ ಐದಾರು ಮಂದಿ ಥಟ್ಟನೆ ವೇದಿಕೆಯನ್ನೇರುತ್ತಾರೆ. ಬೆಳಗಿನ ಬಸ್ಸಿಗೆ ಹಳ್ಳಿಯಿಂದ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುವ ಹುಡುಗ, ಮನೆಯಲ್ಲಿ ಮೊಟ್ಟಮೊದಲು ಕಾಲೇಜಿನ ಮುಖ ಕಂಡ ಹುಡುಗಿ, ಹಿಂದಿನ ಬೆಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಕೊನೆಗೆ ಎಲ್ಲರಿಗೂ ಒಂದೊಂದು ಪ್ರಮಾಣಪತ್ರ! ಮೊದಲೇ ಮಾತನಾಡಬಲ್ಲವರು ಇನ್ನಷ್ಟು ಮಾತನಾಡಲು ಕಲಿತರು. ಮೌನವಾಗಿದ್ದವರು ನಾಯಕತ್ವವೆಂಬುದು ತಮ್ಮಂಥವರಿಗಲ್ಲವೆಂಬ ಪಾಠವನ್ನು ಕಲಿತರು. ಇದಕ್ಕಿಂತ ಹೆಚ್ಚಿನ ನಷ್ಟ ಯಾವುದಿದೆ? ಭಾಷಣಕಾರನೇ ನಾಯಕನೆಂಬ ತಪ್ಪು ಎಣಿಕೆಯಿಂದ ಈ ತೊಂದರೆ ಹುಟ್ಟಿದೆಯೆಂದು ನನ್ನ ಅಭಿಪ್ರಾಯ.

ನಮ್ಮ ನಾಡಿನ ಇತಿಹಾಸದಲ್ಲಿಯೇ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಇದೆ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಅಮೆರಿಕದಲ್ಲಿ ವ್ಯಾಸಂಗ ಮಾಡಿ ಬಂದವರು. ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು. ಉತ್ಸಾಹವೊಂದಿದ್ದರೆ ಸಾಲದು, ತರುಣರಿಗೆ ಶಿಸ್ತಿನ ಶಿಕ್ಷಣವೂ ಬೇಕೆಂದು ಮನಗಂಡ ಅವರ ಪ್ರಯತ್ನದಿಂದ ೧೯೨೩ರ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಯಂಸೇವಕರು ಜನಸಂದಣಿಯ ನಿರ್ವಹಣೆ, ಕಾವಲು, ಪ್ರತಿನಿಧಿಗಳ ಸೌಕರ್ಯ ಮುಂತಾದ ಹೊಣೆಗಳನ್ನು ಹೊತ್ತರು. ನೈರ್ಮಲ್ಯದ ಕೆಲಸಕ್ಕೂ ಕೈಹಾಕಿದರು. ವೇದಿಕೆಯ ಮೇಲೆ ಅವರಿಗೆ ಸ್ಥಾನವಿರಲಿಲ್ಲ. ಆದರೂ ಸಾವಿರಾರು ಜನರ ಸಭೆಯೊಂದು ಹೇಗೆ ನಡೆಯುತ್ತದೆಂಬುದನ್ನು ಅವರು ಅರಿತಷ್ಟು ವೇದಿಕೆಯ ಮೇಲಿದ್ದವರೂ ಅರಿತಿದ್ದರೋ ಇಲ್ಲವೋ! “ಆಳಾಗಬಲ್ಲವನು ಅರಸಾಗಬಲ್ಲ” ಎಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಡ.

ಸ್ವಾತಂತ್ರ್ಯಾನಂತರವೂ ಈ ಭಾವನೆ ಬತ್ತಿಹೋಗಲಿಲ್ಲ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ ೧೯೬೯ರ ಸೆಪ್ಟೆಂಬರ್ ೨೪ರಂದು, ಡಾ. ವಿ. ಕೆ. ಆರ್. ವಿ. ರಾವ್ ಅವರು ಕೇಂದ್ರದ ಶಿಕ್ಷಣ ಸಚಿವರಾಗಿದ್ದಾಗ, ರಾಷ್ಟ್ರೀಯ ಸೇವಾ ಯೋಜನೆ ೩೭ ವಿಶ್ವವಿದ್ಯಾನಿಲಯಗಳಲ್ಲಿ ೪೦,೦೦೦ ವಿದ್ಯಾರ್ಥಿಗಳೊಡನೆ ಆರಂಭವಾಯಿತು. ವರ್ಷಕ್ಕೆ ೧೨೦ ಗಂಟೆಗಳಂತೆ ಎರಡು ವರ್ಷ ಸೇವೆ, ಹಳ್ಳಿಯೊಂದರಲ್ಲಿ ಏಳು ದಿನಗಳ ವಿಶೇಷ ಶಿಬಿರ — ಇದು ಅದರ ಕ್ರಮ. “ನನಗಲ್ಲ, ನಿನಗೆ” ಎಂಬುದು ಅದರ ಧ್ಯೇಯವಾಕ್ಯ. ಶಿಬಿರದಲ್ಲಿ ಅರವತ್ತು ಮಂದಿಗೆ ಅಡಿಗೆಯಾಗಬೇಕು, ನೀರು ಬರಬೇಕು, ಗುದ್ದಲಿಗಳು ಸಾಲದಿದ್ದರೆ ಊರವರನ್ನು ವಿನಯದಿಂದ ಕೇಳಿ ತರಬೇಕು, ಮುನಿಸಿಕೊಂಡ ಇಬ್ಬರು ಗೆಳೆಯರನ್ನು ಒಂದೇ ಕೆಲಸಕ್ಕೆ ಹಚ್ಚಬೇಕು. ನಾಯಕತ್ವವನ್ನು ಕುರಿತ ಯಾವ ಪಠ್ಯಪುಸ್ತಕದಲ್ಲಿ ಇದಕ್ಕಿಂತ ಕಠಿನವಾದ ಅಭ್ಯಾಸವಿದೆ? ಆದರೆ ಈ ಯೋಜನೆಗೆ ಸೇರುವವರು ತರಗತಿಯ ಕೆಲವರು ಮಾತ್ರ. ಉಳಿದವರ ಗತಿಯೇನು?

ಆದುದರಿಂದ ಪ್ರಥಮ ವರ್ಷದಲ್ಲಿ ನಡೆಯುವ ನಾಯಕತ್ವದ ಶಿಕ್ಷಣಕ್ಕೆ ನಾನು ಬಯಸುವ ರೂಪ ಹೀಗಿದೆ. ಮೊದಲನೆಯದಾಗಿ, ಇದಕ್ಕೆ ಆಯ್ಕೆ ಇರಕೂಡದು. ಹಾಜರಿ ಪುಸ್ತಕದಲ್ಲಿ ಹೆಸರಿರುವ ಪ್ರತಿಯೊಬ್ಬರೂ ಇದರಲ್ಲಿ ಸೇರಬೇಕು. ಎರಡನೆಯದಾಗಿ, ಹತ್ತು ಹತ್ತು ಮಂದಿಯ ತಂಡಗಳಾಗಿ ಕಾಲೇಜಿನ ನಿಜವಾದ ಒಂದೊಂದು ಕೆಲಸವನ್ನು ಅವರಿಗೆ ವಹಿಸಬೇಕು. ವಾಚನಾಲಯದ ಪತ್ರಿಕೆಗಳನ್ನು ಜೋಡಿಸಿಡುವುದು, ಕುಡಿಯುವ ನೀರಿನ ವ್ಯವಸ್ಥೆಯನ್ನು ನೋಡಿಕೊಳ್ಳುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಹೊಸಬರಿಗೆ ನೆರವಾಗುವುದು, ನೋಟುಪುಸ್ತಕಗಳ ಒಂದು ಚಿಕ್ಕ ಸಹಕಾರಿ ಮಳಿಗೆಯನ್ನು ನಡೆಸುವುದು. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘವನ್ನು ಸ್ಥಾಪಿಸಿದರು. ಆ ಕಾಲದ ಹಳ್ಳಿಯ ರೈತರಿಗೆ ಸಾಧ್ಯವಾದುದು ಕಾಲೇಜಿನ ವಿದ್ಯಾರ್ಥಿಗಳಿಗೆ ಅಸಾಧ್ಯವೇ?

ಮೂರನೆಯದಾಗಿ, ತಂಡದ ಮುಖ್ಯಸ್ಥರು ತಿಂಗಳಿಗೊಮ್ಮೆ ಬದಲಾಗುತ್ತಿರಬೇಕು. ಈ ತಿಂಗಳು ಆಜ್ಞೆ ಕೊಟ್ಟವರು ಮುಂದಿನ ತಿಂಗಳು ಪೊರಕೆ ಹಿಡಿಯಬೇಕು. ಎಂದೂ ಬಾಯಿ ತೆರೆಯದವರೂ ಒಂದು ತಿಂಗಳು ಸಭೆಯನ್ನು ನಡೆಸಬೇಕು. ಸಭೆಯ ಮಾತು, ನಡವಳಿ, ಲೆಕ್ಕ ಎಲ್ಲವೂ ಕನ್ನಡದಲ್ಲಿರಬೇಕು. ನಾಳೆ ಊರಿನ ಗ್ರಾಮಸಭೆ ನಡೆಯುವುದೂ ಅದೇ ಭಾಷೆಯಲ್ಲಿಯಷ್ಟೆ. ಕೊನೆಯದಾಗಿ, ವರ್ಷಾಂತ್ಯದಲ್ಲಿ ಪ್ರತಿ ತಂಡವೂ ತನ್ನ ಲೆಕ್ಕಪತ್ರವನ್ನು ಇಡೀ ತರಗತಿಯ ಮುಂದಿಟ್ಟು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಪ್ರಶ್ನೆ ಕೇಳಿದವನ ಮೇಲೆ ಕೋಪಗೊಳ್ಳದಿರುವುದೇ ಇದರಲ್ಲಿ ಕಲಿಯಬೇಕಾದ ಅತ್ಯಂತ ದೊಡ್ಡ ಪಾಠ.

ಇದಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಪಾಠಪ್ರವಚನಗಳಿಗೇ ಸಮಯ ಸಾಲದಿರುವಾಗ ಇದಕ್ಕೆಲ್ಲಿ ಅವಕಾಶ ಎಂದು ಅಧ್ಯಾಪಕರು ಕೇಳಬಹುದು. ವಾರಕ್ಕೆ ಒಂದು ಗಂಟೆ ಸಾಕೆಂದು ನನ್ನ ಉತ್ತರ. ಎರಡು ದಿನಗಳ ಭಾಷಣಕ್ಕಿಂತ ಅದರ ಫಲ ಹೆಚ್ಚು. ತಂಡಗಳು, ಮುಖ್ಯಸ್ಥರು ಎಂದೊಡನೆ ರಾಜಕೀಯವೂ ಜಗಳವೂ ಒಳಹೊಕ್ಕಾವೆಂಬ ಭಯವನ್ನು ಕೆಲವರು ವ್ಯಕ್ತಪಡಿಸಬಹುದು. ಈ ಭಯಕ್ಕೆ ಆಧಾರವಿಲ್ಲವೆಂದು ಹೇಳಲಾರೆ. ಕಳೆದ ಶತಮಾನದ ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಗಳು ನಿಂತದ್ದು ಇಂತಹ ಗಲಭೆಗಳ ದೆಸೆಯಿಂದಲೇ. ಆದರೆ ಲಿಂಗ್ಡೋ ಸಮಿತಿ ೨೦೦೬ರಲ್ಲಿ ಚುನಾವಣೆಗಳೇ ಬೇಡವೆನ್ನಲಿಲ್ಲ. ಅಭ್ಯರ್ಥಿಗೆ ೭೫ರಷ್ಟು ಶೇಕಡಾ ಹಾಜರಿ ಇರಬೇಕು, ವೆಚ್ಚ ೫,೦೦೦ ರೂಪಾಯಿಯನ್ನು ಮೀರಕೂಡದು ಎಂದು ಮುಂತಾಗಿ ಮೇರೆಗಳನ್ನು ಹಾಕಿಕೊಟ್ಟಿತು. ಕಾಲು ಜಾರೀತೆಂದು ನೀರಿಗೇ ಇಳಿಯದವನು ಈಜು ಕಲಿತಾನೆ? ಜಾರುವುದಿದ್ದರೆ ಅಧ್ಯಾಪಕರ ಕಣ್ಣೆದುರಿನ ಮೊಣಕಾಲುದ್ದದ ನೀರಿನಲ್ಲಿ ಜಾರುವುದು ಮೇಲು.

ಅಧ್ಯಾಪಕ ಮಹಾಶಯರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ಅವರಿಗೆ ನಾಯಕತ್ವದ ಮೇಲೆ ಉಪನ್ಯಾಸವನ್ನು ಏರ್ಪಡಿಸುವ ಮೊದಲು ಒಂದು ಬೀರುವಿನ ಬೀಗದ ಕೈಯನ್ನೂ ಒಂದು ಲೆಕ್ಕದ ಪುಸ್ತಕವನ್ನೂ ಅವರ ಕೈಗೆ ಕೊಟ್ಟು ನೋಡಿರಿ. ಹಿರಿಯ ವಿದ್ಯಾರ್ಥಿ ಮಿತ್ರರಲ್ಲಿ ಇನ್ನೊಂದು ಮಾತು: ನಾವು ಹಿಡಿದುಕೊಂಡಿರುವ ಕೆಲಸಗಳನ್ನು ಕಿರಿಯರಿಗೆ ಬಿಟ್ಟುಕೊಟ್ಟು, ಅವರು ತಡವರಿಸುವಾಗ ನಗದೆ, ಪಕ್ಕದಲ್ಲಿ ನಿಲ್ಲೋಣ. ಹಿಂದಿನ ಬೆಂಚಿನಲ್ಲಿ ಕುಳಿತಿರುವ ಆ ಹುಡುಗಿಗೆ ನಾಲ್ಕಾರು ವರ್ಷಗಳ ಮೇಲೆ ತನ್ನ ಊರಿನ ಗ್ರಾಮಸಭೆಯಲ್ಲಿ ಎದ್ದುನಿಂತು, “ಈ ಖರ್ಚಿನ ವಿವರ ಓದಿ ಹೇಳಿರಿ” ಎಂದು ಕೇಳುವ ಧೈರ್ಯ ಬಂದರೆ, ನಮ್ಮ ಕಾಲೇಜು ಕೊಟ್ಟ ಶಿಕ್ಷಣ ಸಾರ್ಥಕವಾದಂತೆಯೇ ಸರಿ.