ಲೆಕ್ಕ ಸರಿಯಿದ್ದ ಮೇಲೆ



ಯಲಬುರ್ಗಾ, ಕುಷ್ಟಗಿ ಕಡೆ ನಸುಕಿನಲ್ಲಿ ಹೊರಟರೆ ರಸ್ತೆಯಂಚಿನಲ್ಲಿ ಓಡುವ ಹುಡುಗರು ಕಾಣುತ್ತಾರೆ. ಸೈನ್ಯದ ಭರ್ತಿಗೆ ಅವರ ತಯಾರಿ. ಮಳೆ ನಂಬಿದ ಮನೆಗಳಿಗೆ ಒಬ್ಬ ಮಗ ಮಿಲ್ಟ್ರಿ ಸೇರಿದರೆ ಅದೇ ಆಸರೆ. ಆ ಹುಡುಗರಲ್ಲಿ ಒಬ್ಬನ ಮನಸ್ಸು ಹೆಣ್ಣಿಗಲ್ಲ, ಗಂಡಿಗೆ ಒಲಿಯುವಂಥದ್ದಾದರೆ ಅವನ ಗತಿ ಏನು? ಇಂಥ ಮಾತು ಮಠದ ಪತ್ರಿಕೆಗೆ ಏಕೆ ಎಂದು ಕೆಲವರು ಕೇಳಬಹುದು. ಕೇಳಲಿ ಎಂದೇ ಬರೆಯುತ್ತಿದ್ದೇನೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರಿಬ್ಬರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. 2019ರ ಜನವರಿಯಲ್ಲಿ ಅಂದಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಸೇನೆಯೊಳಗೆ ಇದಕ್ಕೆ ಅವಕಾಶವಿಲ್ಲವೆಂದರು. ಸೇನೆಗೆ 1950ರ ತನ್ನದೇ ಕಾಯ್ದೆ ಇದೆ. ಅದರ 46ನೇ ಕಲಮು 'ಅಸಹಜ' ನಡತೆಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದೆನ್ನುತ್ತದೆ. ಸಂವಿಧಾನದ 33ನೇ ವಿಧಿಯ ಬಲದಿಂದ ಸೈನಿಕನ ಮಾತಿನ ಹಕ್ಕನ್ನೂ ಪತ್ರಿಕೆಗೆ ಬರೆಯುವ ಹಕ್ಕನ್ನೂ ಮೊಟಕುಗೊಳಿಸಬಹುದು. ಹೀಗಾಗಿ ನೊಂದವನು ತನ್ನ ನೋವನ್ನು ಹೊರಗೆ ಹೇಳುವುದೂ ಕಷ್ಟ. ಸೇನೆ ಬಿಟ್ಟುಬಂದ ಸಲಿಂಗಿ ಮೇಜರ್ ಒಬ್ಬರ ಬದುಕಿನಿಂದ ಪ್ರೇರಿತವಾದ ಚಿತ್ರಕಥೆಗೆ ನಿರ್ದೇಶಕ ಓನಿರ್ ಅನುಮತಿ ಕೇಳಿದಾಗ, 2022ರಲ್ಲಿ ರಕ್ಷಣಾ ಸಚಿವಾಲಯ ಕೊಡಲಿಲ್ಲ.

ಶಿಸ್ತು ಬೇಡವೆನ್ನುವವನು ನಾನಲ್ಲ. ಮೂರು ದಶಕ ಸರ್ಕಾರಿ ನಡತೆ ನಿಯಮಗಳಡಿ ದುಡಿದವನು. ಸೈನಿಕ ಗುಟ್ಟು ಬಿಟ್ಟುಕೊಡಬಾರದು. ಮೇಲಧಿಕಾರಿ ಕೈಕೆಳಗಿನವರ ಮೈಮೇಲೆ ಕೈಹಾಕಿದರೆ, ಅವನು ಯಾರಿಗೇ ಒಲಿದವನಾಗಿರಲಿ, ಶಿಕ್ಷೆಯಾಗಲೇಬೇಕು. ಆದರೆ ಕರ್ತವ್ಯಕ್ಕೆ ತೊಡಕಾಗದ ಒಲವನ್ನೇ ಅಪರಾಧವೆನ್ನುವುದು ಶಿಸ್ತಲ್ಲ. 377ನೇ ಕಲಮನ್ನು ನಮ್ಮ ಮೇಲೆ ಹೇರಿದ ಬ್ರಿಟನ್ನೇ 2000ರಲ್ಲಿ ತನ್ನ ಸೇನೆಯ ನಿಷೇಧ ತೆಗೆದುಹಾಕಿತು. ಅದರ ಪಡೆಗಳೇನೂ ಚದುರಿಹೋಗಲಿಲ್ಲ.

ನನ್ನದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ನನ್ನ ಕೈಕೆಳಗೆ ಒಬ್ಬ ಕಿರಿಯ ಎಂಜಿನಿಯರ್ ಇದ್ದ. ಅವನ ಅಳತೆ ಪುಸ್ತಕದಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಕಾಲುವೆ ಒಡೆದ ರಾತ್ರಿ ಮೊದಲು ಬಂದು ನಿಲ್ಲುವವನೂ ಅವನೇ. ಅವನು ಗೆಳೆಯನೊಬ್ಬನ ಜೊತೆ ಸಂಸಾರ ಮಾಡುತ್ತಾನೆಂಬ ಗುಸುಗುಸು ಕೇಳಿ, ವರ್ಷದ ಗೌಪ್ಯ ವರದಿಯಲ್ಲಿ 'ನಡತೆ ತೃಪ್ತಿಕರವಲ್ಲ' ಎಂದು ಬರೆದೆ. ಅವನನ್ನು ಒಂದು ಮಾತೂ ಕೇಳಲಿಲ್ಲ. ಅವನ ಬಡ್ತಿ ನಿಂತಿತು. ಆ ದಿನ ಬೆಳಿಗ್ಗೆಯೂ ನಾನು ಇಷ್ಟಲಿಂಗ ಪೂಜೆ ಮುಗಿಸಿಯೇ ಕಚೇರಿಗೆ ಹೋಗಿದ್ದೆ.

ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಅಂದರೆ ಅವರೂ ಅರಸನ ನೌಕರರೇ. ಭಂಡಾರದ ಹಣ ಪೋಲಾಗಿದೆಯೆಂಬ ಚಾಡಿ ಬಂದಾಗ ಲೆಕ್ಕವನ್ನು ಚೊಕ್ಕವಾಗಿ ಒಪ್ಪಿಸಿದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಅರಸನಿಗೆ ಕೇಳುವ ಹಕ್ಕಿದ್ದುದು ಆ ಲೆಕ್ಕವನ್ನು ಮಾತ್ರ. ಅವರು ಯಾರನ್ನು ಮನೆಗೆ ಕರೆದರು, ಯಾರೊಡನೆ ಉಂಡರು ಎಂಬುದನ್ನಲ್ಲ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯನ್ನು ಅಪರಾಧವೆಂದು ಕರೆದು ಎಳೆಹೂಟೆ ಕಟ್ಟಿಸಿದ್ದೂ ಕಟ್ಟಳೆಯ ಹೆಸರಿನಲ್ಲಿಯೇ. ಪ್ರತಿ ವರ್ಷ ಕಲ್ಯಾಣದ ಹುತಾತ್ಮರನ್ನು ನೆನೆಯುವ ನಾವು ಇಂದು ಯಾರ ಪಕ್ಕ ನಿಲ್ಲುತ್ತೇವೆ? ಒಳಗಿನ ಆತ್ಮಕ್ಕೆ ಗಂಡು, ಹೆಣ್ಣೆಂಬ ಭೇದವಿಲ್ಲವೆಂದು ತಿಳಿಸಿದವರು ನಮ್ಮ ಜೇಡರ ದಾಸಿಮಯ್ಯನವರು.

ಜೋಗತಿ ಮಂಜಮ್ಮನವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರ ಬದುಕು ಬೇರೆ, ಸಲಿಂಗಿ ಸೈನಿಕನ ಪಾಡು ಬೇರೆ, ನಿಜ. ಆದರೆ ವೇದಿಕೆಯಲ್ಲಿ ಹಾರ ಹಾಕುವ ನಾವು, ಸ್ವಂತ ಮನೆಯ ಮಗ ಬಾಯಿಬಿಟ್ಟರೆ ಬಾಗಿಲು ಹಾಕುತ್ತೇವೆ. ಇಲ್ಲವೇ ರಜೆಗೆ ಬಂದವನಿಗೆ ಒತ್ತಾಯದಿಂದ ಬಾಸಿಂಗ ಕಟ್ಟಿ, ಏನೂ ಅರಿಯದ ಹೆಣ್ಣುಮಗಳೊಬ್ಬಳ ಬಾಳನ್ನೂ ಕೆಡಿಸುತ್ತೇವೆ.

ಸೇನಾ ಕಾಯ್ದೆಯನ್ನು ತಿದ್ದುವುದು ಸಂಸತ್ತಿನ ಕೆಲಸ; ತಿದ್ದಿರೆಂದು ಕೇಳುವುದು ನಮ್ಮ ಕೆಲಸ. ಕೊಪ್ಪಳ, ಗಂಗಾವತಿಯ ಮಠಗಳಲ್ಲಿ, ಶಿವಾನುಭವ ಗೋಷ್ಠಿಗಳಲ್ಲಿ ಈ ಮಾತು ನಾಚಿಕೆಯಿಲ್ಲದೆ ನಡೆಯಲಿ. ಕಾಯಕ ಶುದ್ಧವಿದ್ದವನ ಒಲವನ್ನು ತೂಗುವ ತಕ್ಕಡಿ ನಮ್ಮ ಕೈಗೆ ಯಾರೂ ಕೊಟ್ಟಿಲ್ಲ. ನಾನು ಬರೆದ ಆ ವರದಿಯನ್ನು ಈಗ ತಿದ್ದಲಾಗದು. ನಿಮ್ಮ ಮನೆಯ ಮಗನ ಬಗ್ಗೆ ಅಂಥದೊಂದು ಸಾಲು ನೀವು ಬರೆಯಬೇಡಿ.